ಹಗೇವಿನ ಕೋಣೆ

ಮದಲೂರಿನ ಚಿಕ್ಕರಂಗಯ್ಯನ ದೊಡ್ಡ ಮಗಳು ಕದುರಮ್ಮನಿಗೆ ಹದಿಮೂರು ತುಂಬುವ ಹೊತ್ತಿಗೆ ಒಂದು ಹುಚ್ಚು ಹಿಡಿಯಿತು. ತನಗೊಂದು ಕೋಣೆ ಬೇಕು. ಅಲ್ಲ, ಆ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಯಾವ ಮಕ್ಕಳಿಗೆ ಕೋಣೆ ಇತ್ತು ಹೇಳಿ. ನಯಾಪೈಸೆ ಬಂದ ಹೊಸತು. ಶಾನುಭೋಗರ ಮನೆ ಬಿಟ್ಟರೆ ಊರಿನ ಮಿಕ್ಕವರೆಲ್ಲ ಪಡಸಾಲೆಯಲ್ಲಿ ಸಾಲಾಗಿ ಚಾಪೆ ಬಿಡಿಸಿ ಮಲಗುವವರೇ. ದನ ಒಂದು ಕಡೆ, ಜನ ಒಂದು ಕಡೆ, ನಡುವೆ ಒಂದು ಮೋಟುಗೋಡೆ. ಸೆಕೆ ಹೆಚ್ಚಾದರೆ ಮಾಳಿಗೆ ಹತ್ತಿ ಮಲಗುವುದು. ಹಾಗೆ ಮಲಗಿಯೇ ಎಲ್ಲರೂ ದೊಡ್ಡವರಾಗಿದ್ದರು, ಯಾರಿಗೂ ಏನೂ ಕಮ್ಮಿಯಾಗಿರಲಿಲ್ಲ.

ಆದರೆ ಕದುರಮ್ಮನ ಹುಚ್ಚಿಗೆ ಒಂದು ಮೂಲ ಇತ್ತು. ಹಿಂದಿನ ವರ್ಷ ಕೊರಟಗೆರೆಯಿಂದ ಸೋದರತ್ತೆ ಬಂದಿದ್ದಳು, ಜೊತೆಗೆ ಅವಳ ಮಗಳು ವಿಶಾಲಾಕ್ಷಿ. ಅವರ ಮನೆಯಲ್ಲಿ ಆ ಹುಡುಗಿಗೇ ಅಂತ ಒಂದು ಕೋಣೆ, ಅದಕ್ಕೊಂದು ಕಿಟಕಿ, ಕಿಟಕಿಗೊಂದು ಹೂವಿನ ಪರದೆ. ರಾತ್ರಿ ರಾಗಿ ಚೀಲಗಳ ಮಗ್ಗುಲಲ್ಲಿ ಚಾಪೆ ಹಾಸಿದಾಗ ವಿಶಾಲಾಕ್ಷಿ ಮೂಗಿಗೆ ಲಂಗದ ಅಂಚು ಹಿಡಿದುಕೊಂಡು, "ಇಲಿ ಓಡಾಡೋ ಜಾಗದಲ್ಲಿ ಹೆಂಗೆ ಮಲಗ್ತೀಯೇ ಕದುರಿ?" ಎಂದು ಕೇಳಿದ್ದಳು. ಕೇಳಿದವಳು ಬೆಳಗಾಗುವಷ್ಟರಲ್ಲಿ ಮರೆತಳು. ಕೇಳಿಸಿಕೊಂಡವಳು ವರ್ಷಪೂರ್ತಿ ಆ ಮಾತನ್ನು ಮೆಲುಕು ಹಾಕಿದಳು.

ಈ ಸಲವೂ ಅತ್ತೆ ಬರುತ್ತಾಳೆಂದು ತಿಳಿದದ್ದೇ ತಡ, ಕದುರಮ್ಮ ಅಪ್ಪನ ಬೆನ್ನು ಹತ್ತಿದಳು. ಉಣ್ಣುವಾಗ, ನೇಗಿಲು ಕಟ್ಟುವಾಗ, ಎಲೆಯಡಿಕೆ ಹಾಕುವಾಗ ಅದೇ ರಾಗ. ಚಿಕ್ಕರಂಗಯ್ಯ ಹೆಣ್ಣುಮಕ್ಕಳ ಮಾತಿಗೆ ಕರಗುವ ಆಸಾಮಿ. ನಡುಮನೆಯ ಬಲಕ್ಕಿದ್ದ ರಾಗಿ ಕೋಣೆಯನ್ನು ಖಾಲಿ ಮಾಡಿಕೊಡಲು ಒಪ್ಪಿದ. "ಆದ್ರೆ ಒಂದ್ ಮಾತು ಕಣವ್ವ. ಕೋಣೆ ನಿಂಗೊಬ್ಳಿಗಲ್ಲ. ಓಬೀಗೂ ಸೇರಿದ್ದು. ಅಕ್ಕತಂಗೀರು ಕಚ್ಚಾಡಬಾರದು" ಎಂದ.

ಓಬಿ ಎಂದರೆ ಓಬಳಮ್ಮ, ಕದುರಮ್ಮನ ತಂಗಿ, ಏಳು ವರ್ಷದ ಗುಂಡುಕಲ್ಲು. ಅಕ್ಕ ಹಾಕಿ ಬಿಟ್ಟ ಲಂಗವೇ ಅವಳ ಲಂಗ, ಅಕ್ಕ ಬರೆದು ಬಿಟ್ಟ ಸ್ಲೇಟೇ ಅವಳ ಸ್ಲೇಟು. ಆ ಲಂಗ ಅವಳ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲವಾದ್ದರಿಂದ ಅವ್ವ ಸರಸಮ್ಮ ಅದರ ಮೇಲೆ ಕತ್ತಾಳೆ ನಾರಿನ ಹುರಿಯೊಂದನ್ನು ಬಿಗಿದು ಗಂಟು ಹಾಕಿದ್ದಳು. ಓಬಿಗೆ ಅದರ ಬೇಸರವೂ ಇರಲಿಲ್ಲ. ಬಾಯಲ್ಲಿ ಸದಾ ಏನೋ ಒಂದು ಗುನುಗು, ಕಂಕುಳಲ್ಲಿ ಒಂದು ಪುಟ್ಟ ಬಿದಿರು ಮಕ್ಕರಿ. ಮಕ್ಕರಿಯ ತುಂಬ ಬಳೆಚೂರು, ಹುಣಸೆಬೀಜ, ಗಜ್ಜುಗ, ಒಂದು ಕೈ ಮುರಿದ ಮರದ ಬೊಂಬೆ. ಅದೇ ಅವಳ ಸಕಲ ಐಶ್ವರ್ಯ.

ರಾಗಿ ಕೋಣೆಯೆಂದರೆ ಬರೀ ಗೋಡೆ ನೆಲ ಅಲ್ಲ. ಅದರ ಒಂದು ಮೂಲೆಯಲ್ಲಿ ಹಗೇವು ಇತ್ತು. ಹಗೇವು ಎಂದರೆ ರಾಗಿ ಕೂಡಿಡಲು ನೆಲದೊಳಗೆ ತೋಡಿದ ಗುಂಡಿ; ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಆಳ ಒಂದಾಳಿಗೂ ಮಿಗಿಲು. ಇಳಿಯಲು ಒಳಗೋಡೆಯಲ್ಲಿ ಕಾಲು ಊರುವಷ್ಟು ಗುಳಿಗಳು. ಸಾಮಾನ್ಯವಾಗಿ ಅದು ಹಿತ್ತಲಲ್ಲೋ ಕಣದಲ್ಲೋ ಇರುತ್ತದೆ. ಚಿಕ್ಕರಂಗಯ್ಯನ ಮುತ್ತಾತನಿಗೆ ಕಳ್ಳರ ಭಯ ಜಾಸ್ತಿ, ಮನೆಯೊಳಗೇ ತೋಡಿಸಿದ್ದ.

ಹಗೇವು ಅನ್ನ ಕೊಡುತ್ತದೆ, ಹಾಗೆಯೇ ಪ್ರಾಣವನ್ನೂ ತೆಗೆಯುತ್ತದೆ. ಮುಚ್ಚಿದ ಗುಂಡಿಯಲ್ಲಿ ಗಾಳಿ ಕೆಟ್ಟು ಕೂತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ, ಇಳಿದವನು ಕೂಗುವಷ್ಟರಲ್ಲಿ ಕಣ್ಣು ಕತ್ತಲೆಯಿಟ್ಟು ಬೀಳುತ್ತಾನೆ. ಅದಕ್ಕೇ ನಮ್ಮ ಕಡೆ ಕಟ್ಟಳೆ: ಮೊದಲು ದೀಪ ಇಳಿಯಬೇಕು, ಆಮೇಲೆ ಮನುಷ್ಯ. ಆ ವಾರ ಕಲ್ಲು ಸರಿಸಿ ಹಗೇವು ತೆಗೆದಾಗಲೂ ಮುದುಕಿ ಚಿಕ್ಕಹನುಮಕ್ಕ, ಅಂದರೆ ಮಕ್ಕಳ ಅಜ್ಜಿ, ತಾನೇ ಬುಡ್ಡಿದೀಪಕ್ಕೆ ಹಗ್ಗ ಕಟ್ಟಿ ಇಳಿಬಿಟ್ಟಿದ್ದಳು. "ದೀಪ ಉಸಿರಾಡಿದ್ರೆ ನಾವೂ ಉಸಿರಾಡ್ತೀವಿ. ದೀಪ ಕಣ್ಣು ಮುಚ್ಚಿದ್ರೆ ನಾವೂ ಮುಚ್ತೀವಿ. ತಿಳೀತೇನ್ರೇ?" ಎಂದು ಮೊಮ್ಮಕ್ಕಳಿಗೆ ಹೇಳಿದ್ದಳು. ಅವತ್ತು ದೀಪ ಎರಡು ಸಲ ಆರಿ, ಮಾರನೆಯ ದಿನ ನಿಂತು ಉರಿಯಿತು. ಚಿಕ್ಕರಂಗಯ್ಯ ಇಳಿದು ರಾಗಿ ಮೇಲೆತ್ತಿದ. ಕೊನೆಗೆ ತಳದ ಕಾಳು ಗುಡಿಸಲು ಓಬಿಯನ್ನೇ ಪೊರಕೆ ಕೊಟ್ಟು ಇಳಿಸಿದರು. ಓಬಿಗೆ ಅದು ಹಬ್ಬ. ಒಳಗೆ ಕೂತು ಹಾಡಿದರೆ ದನಿ ಸುತ್ತಲಿಂದ ಮರಳಿ ಬರುತ್ತದೆಂದು ಊರಿಗೆಲ್ಲ ಹೇಳಿಕೊಂಡು ಬಂದಳು.

ರಾಗಿಯೆಲ್ಲ ಮಣ್ಣಿನ ದೊಡ್ಡ ಕಣಜವಾದ ವಾಡೆಗೆ ಹೋಯಿತು. ಮಕ್ಕಳು ಮಲಗುವ ಜಾಗ, ಜರಿ ಚೇಳು ಮೇಲೆ ಬಂದಾವೆಂದು ಚಿಕ್ಕರಂಗಯ್ಯ ತನ್ನ ಅಕ್ಕ ಬರುವ ಹಿಂದಿನ ಸಂಜೆ ಹಗೇವಿಗೆ ಬೇವಿನ ಸೊಪ್ಪು, ಒಣಹುಲ್ಲು ತುಂಬಿ ಹೊಗೆ ಹಾಕಿದ. ಮೇಲೆ ಕಲ್ಲಿನ ಬದಲು ಒಂದು ಹಲಗೆ ಎಳೆದ. ಕಲ್ಲನ್ನು ಎತ್ತಲು ಇನ್ನೊಬ್ಬ ಆಳು ಬೇಕಿತ್ತು, ನಾಳೆ ನೋಡೋಣ ಎಂದುಕೊಂಡ. ಬೆಳಕು ಹರಿಯುವ ಮುಂಚೆಯೇ ಎದ್ದು ಲಾಟೀನನ್ನು ಗಾಡಿಗೆ ಕಟ್ಟಿಕೊಂಡು, ಅಕ್ಕನನ್ನು ಕರೆತರಲು ಶಿರಾದ ಬಸ್ಸಿನ ಹತ್ತಿರ ಹೊರಟ.

ಹೊಗೆ ಹಾಕಿದ್ದನ್ನು ನೋಡಿದ ಅಜ್ಜಿ ಕದುರಮ್ಮನನ್ನು ಕರೆದು ಹೇಳಿದ್ದಳು: "ಹೊಗೆ ಹಾಕಿದ ಹಗೇವು ಮುಚ್ಚಿದ ಹಗೇವಿಗಿಂತ ಕೆಟ್ಟದ್ದು ಕಣೇ. ಹೊಗೆ ಹೋದ್ರೂ ಅದರ ವಿಷ ತಳದಲ್ಲಿ ಕುಂತಿರ್ತದೆ. ನಿನ್ ತಂಗಿ ಅದರಾಗೆ ಆಟಕ್ಕೆ ಇಳಿದಾಳು. ಅವಳಿಗೂ ಹೇಳು."

"ಹೂಂ ಅಜ್ಜಿ" ಅಂದಿದ್ದಳು ಕದುರಮ್ಮ. ಅನ್ನುವಾಗ ಅವಳ ಮನಸ್ಸು ಕನ್ನಡಿಯನ್ನು ಯಾವ ಗೋಡೆಗೆ ಹಾಕಿದರೆ ಚೆಂದ ಎಂಬುದರಲ್ಲಿತ್ತು. ಹೇಳಲಿಲ್ಲ.

ಬೆಳಗಿನಿಂದ ಅವಳಿಗೆ ಮೈಮೇಲೆ ಎಚ್ಚರವಿಲ್ಲ. ಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣು, ಮೇಲಕ್ಕೆ ಸೇಡಿಮಣ್ಣಿನ ಬಿಳುಪು. ನೆಲ ಸಾರಿಸಿ ಒಣಗಿಸಿದ್ದಾಯಿತು. ಪಕ್ಕದ ಮನೆಯ ಬಳೆಗಾರ ಬುಡನ್ ಸಾಬರ ಹೆಂಡತಿ, ಊರಿಗೆಲ್ಲ ಬೂಬಮ್ಮನಾದ ಶಹರ್‌ಬಾನು ಬಳೆಪೆಟ್ಟಿಗೆಯ ಬಣ್ಣದ ಕಾಗದ ಕೊಟ್ಟಿದ್ದಳು. ಪುಸ್ತಕಗಳಿಗೆಲ್ಲ ಅದರ ರಟ್ಟು. ಗೋಡೆಯ ಒಂದೇ ಗೂಡಿನಲ್ಲಿ ಪುಸ್ತಕದ ಸಾಲು, ಅದರ ಪಕ್ಕ ಬುಡ್ಡಿದೀಪ. ಜವಳಿ ಅಂಗಡಿಯ ಕ್ಯಾಲೆಂಡರಿನ ಲಕ್ಷ್ಮಿ ಒಂದು ಮೊಳೆಗೆ, ಅಪ್ಪ ಶಿರಾದಿಂದ ತಂದ ಕನ್ನಡಿ ಇನ್ನೊಂದು ಮೊಳೆಗೆ. ಕೋಣೆಗೆ ಕಿಟಕಿಯಿಲ್ಲ, ಮಾಳಿಗೆಯಲ್ಲೊಂದು ಗವಾಕ್ಷಿ ಮಾತ್ರ. ಅಲ್ಲಿಂದ ಬಿದ್ದ ಬಿಸಿಲಿನ ತುಂಡು ಕನ್ನಡಿಯ ಕೆಳಗೆ ನೆಲದ ಮೇಲೆ ಕೂತಿತ್ತು. ಮಿಕ್ಕೆಲ್ಲ ಕಡೆ ಹಗಲಲ್ಲೂ ಮಬ್ಬು, ಅದಕ್ಕೇ ಬುಡ್ಡಿ ಹಚ್ಚಿಟ್ಟುಕೊಂಡಿದ್ದಳು. ಸರಸಮ್ಮ ಬಟ್ಟೆಗಂಟು ಹೊತ್ತು ಕೆರೆಗೆ ಹೋಗಿದ್ದಳು. ಹಿತ್ತಲಲ್ಲಿ ಅಜ್ಜಿ ಅವರೆ ಬಿಡಿಸುತ್ತಿದ್ದಳು.

"ಅಕ್ಕ, ಇದನ್ನ ಎಲ್ಲಿಡ್ಲಿ?" ಓಬಿ ಮಕ್ಕರಿ ಹಿಡಿದು ಬಾಗಿಲಲ್ಲಿ ನಿಂತಳು.

ಕದುರಮ್ಮ ಸೇಡಿಯ ಬಟ್ಟೆ ಅದ್ದಿ ನೆಲದ ಮೇಲೆ ಗೋಡೆಯಿಂದ ಗೋಡೆಗೆ ಒಂದು ಗೆರೆ ಎಳೆದಳು. "ಇಗೋ. ಈ ಕಡೆ ನಂದು. ಆ ಕಡೆ ನಿಂದು."

ಧರ್ಮರಾಯನ ಪಾಲು ನೋಡಿ. ಗೂಡು, ದೀಪ, ಕನ್ನಡಿ, ಗವಾಕ್ಷಿಯ ಬೆಳಕು ಎಲ್ಲ ಈ ಕಡೆ. ಆ ಕಡೆ ಒಂದು ಬಟ್ಟೆಗೂಟ ಮತ್ತು ಹಗೇವು. ಹಗೇವಿನ ಹಲಗೆ ಕಳೆದರೆ ಓಬಿಗೆ ಉಳಿದದ್ದು ಒಂದು ಚಾಪೆಯ ಅಗಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಆ ಹುಡುಗಿಗೆ ಹಾಸಿಗೆಯೇ ಇರಲಿಲ್ಲ, ಚಾಚುವುದೇನನ್ನು?

"ನಂಗೆ ಗೂಡಿಲ್ಲ" ಎಂದಳು ಓಬಿ.

"ನಿಂಗ್ಯಾಕೆ ಗೂಡು? ನಿಂಗೇನು ಪುಸ್ತಕ ಐತಾ?"

ಓಬಿ ಹಗೇವಿನ ಹಲಗೆಯ ಕಡೆ ನೋಡಿದಳು. "ಹಗೇವು ನನ್ ಕಡೆ ಐತೆ. ಅಂಗಾರೆ ಹಗೇವು ನಂದಾ?"

ಕದುರಮ್ಮ ಆಗಲೇ ಆ ಕಡೆ ತಿರುಗಿ ಕನ್ನಡಿ ಒರೆಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ತಿರುಗಿ ನೋಡುತ್ತಾಳೆ, ಮಕ್ಕರಿ ಬಂದು ಗೆರೆಯ ಈಚೆ, ಟ್ರಂಕಿನ ಮೇಲೆ, ಕಸೂತಿ ಹಾಕಿದ ಹೊಸ ಬಟ್ಟೆಯ ಮೇಲೆ ಕೂತಿದೆ. ವಿಶಾಲಾಕ್ಷಿ ಬಂದು ಮೊದಲು ನೋಡುವುದು ಅದನ್ನೇ! ಕದುರಮ್ಮನಿಗೆ ಪಿತ್ತ ನೆತ್ತಿಗೇರಿತು. ಮಕ್ಕರಿ ಎತ್ತಿ ಆಚೆಗೆ ಎಸೆದಳು. ಹುಣಸೆಬೀಜ, ಬಳೆಚೂರು ಹೊಸದಾಗಿ ಸಾರಿಸಿದ ನೆಲದ ತುಂಬ ಚೆಲ್ಲಾಡಿದವು.

ಓಬಿ ಅಳಲಿಲ್ಲ. ಮಂಡಿಯೂರಿ ಒಂದೊಂದನ್ನೇ ಆಯ್ದಳು. ಆಯ್ದು ಮುಗಿಸಿ ಕೇಳಿದಳು: "ಎಲ್ಲಿಡ್ಲಿ ಅಂಗಾರೆ?"

"ಹಗೇವಿನಾಗೆ ಇಡು. ನೀನೂ ಅದರಾಗೇ ಹೋಗಿ ಬಿದ್ಕೋ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಕದುರಮ್ಮ ಆಡಿದಳು, ಆಡಿದ್ದು ಅವಳಿಗೇ ಕೇಳಿಸಲಿಲ್ಲ. ಓಬಿಗೆ ಕೇಳಿಸಿತು. ಕೇಳಿಸಿದ್ದೂ ಬೈಗುಳವಾಗಿ ಅಲ್ಲ, ಅಪ್ಪಣೆಯಾಗಿ. ಅಕ್ಕನೇ ಕೊಟ್ಟುಬಿಟ್ಟಳು ಹಗೇವನ್ನು. ಇಡೀ ಮನೆಯಲ್ಲಿ ಮೊದಲ ಸಲ ಅಕ್ಕ ಬಳಸಿ ಬಿಡದ ಒಂದು ವಸ್ತು ಅವಳ ಪಾಲಿಗೆ ಬಂದಿತ್ತು.

ಕದುರಮ್ಮ ಬಣ್ಣದ ಕಾಗದ, ಕತ್ತರಿ, ಅಂಟಿನ ಬಟ್ಟಲು ತೆಗೆದುಕೊಂಡು ಪಡಸಾಲೆಗೆ ಹೊರಟಳು. ಬಾಗಿಲಿಗೆ ಕಾಗದದ ತೋರಣ ಆಗಬೇಕಿತ್ತು. ಓಬಿ ಹಿಂದಿನಿಂದ ಮೆಲ್ಲಗೆ, "ಅಕ್ಕ, ಬುಡ್ಡಿ ಒಂಚೂರು ಕೊಡೇ" ಎಂದಳು.

"ಯಾಕೆ?"

"ಬೇಕು."

"ಅದು ನನ್ ಕಡೆ ಗೂಡಲ್ಲಿ ಐತೆ. ಗೆರೆ ದಾಟಿ ಅದನ್ನ ಮುಟ್ಟಿದ್ರೆ ಕೈ ಮುರೀತೀನಿ" ಎಂದು ಹೇಳಿ ಕದುರಮ್ಮ ಹೊರಗೆ ಬಂದಳು.

ಪಡಸಾಲೆಯಲ್ಲಿ ಕೂತು ಕತ್ತರಿಸತೊಡಗಿದಳು. ಒಳಗೆ ಓಬಿಯ ಗುನುಗು ಶುರುವಾಗಿತ್ತು. ತಲೆಬಾಲ ಇಲ್ಲದ ಅದೇ ಹಾಡು. ಹಲಗೆ ಜರುಗಿದ ಸದ್ದೂ ಬಂದಿರಬೇಕು, ಕತ್ತರಿಯ ಗಮನದಲ್ಲಿ ಅದು ಕಿವಿಗೆ ಬಿದ್ದರೂ ಬೀಳಲಿಲ್ಲ. ಗುನುಗು ಮಾತ್ರ ಒಮ್ಮೆ ದಪ್ಪವಾಯಿತು, ಗಡಿಗೆಯೊಳಗೆ ಬಾಯಿಟ್ಟು ಹಾಡಿದ ಹಾಗೆ. ಆಮೇಲೆ ನಡುವೆಯೇ ನಿಂತುಹೋಯಿತು.

ಸದ್ಯ, ಬಾಯಿ ಮುಚ್ಚಿದಳಲ್ಲ ಎಂದುಕೊಂಡಳು ಕದುರಮ್ಮ. ಇನ್ನೊಂದು ಎಲೆ ಕತ್ತರಿಸಿದಳು. ಅಂಟು ಹಚ್ಚಿದಳು. ಆಮೇಲೆ ಅವಳ ಕೈ ತಾನಾಗಿಯೇ ನಿಂತಿತು. ಓಬಿ ನಿದ್ದೆಯಲ್ಲಿ ಬಿಟ್ಟರೆ ಇಷ್ಟು ಹೊತ್ತು ಸುಮ್ಮನಿದ್ದದ್ದೇ ಇಲ್ಲ. ಮತ್ತು ಆ ದಪ್ಪ ದನಿ ಅವಳಿಗೆ ಈಗ ನೆನಪಾಯಿತು. ರಾಗಿ ಗುಡಿಸಿದ ದಿನ ಕೇಳಿದ್ದ ದನಿ ಅದು.

ತೋರಣ ಅಲ್ಲೇ ಬಿತ್ತು. ಓಡಿ ಬಂದು ನೋಡಿದರೆ ಕೋಣೆಯಲ್ಲಿ ಯಾರೂ ಇಲ್ಲ. ಬುಡ್ಡಿ ಗೂಡಿನಲ್ಲಿ ಇಟ್ಟಲ್ಲೇ ಉರಿಯುತ್ತಿದೆ. ಗೆರೆಯ ಸೇಡಿ ಇನ್ನೂ ಹಸಿ. ಅದರ ಮೇಲೆ ಒಂದು ಹೆಜ್ಜೆಯಿಲ್ಲ. ಆಚೆ ಹಲಗೆ ಸರಿದಿದೆ, ಹಗೇವು ಬಾಯಿ ತೆರೆದಿದೆ.

"ಓಬೀ" ಎಂದು ಬಗ್ಗಿ ಕೂಗಿದಳು. ಅವಳ ದನಿಯೇ ಸುತ್ತಿ ಮರಳಿ ಬಂತು. ಗುಂಡಿಯ ಅಂಚಿಗೆ ಕೂತು ಮೊದಲ ಗುಳಿಗೆ ಕಾಲು ಚಾಚಿದಳು.

ಹಿಂದಿನಿಂದ ಜಡೆಗೆ ಬಿದ್ದ ಎಳೆತಕ್ಕೆ ಅವಳು ಅಂಗಾತ ಬಿದ್ದಳು. ಕೂಗು ಕೇಳಿ ಬಂದ ಅಜ್ಜಿ ಎರಡೂ ಕೈಯಲ್ಲಿ ಜಡೆ ಸುತ್ತಿಕೊಂಡು ನಿಂತಿದ್ದಳು. "ಇಳೀಬ್ಯಾಡ. ಇಳಿದ್ರೆ ನೀನೂ ಅಲ್ಲೇ. ಎಷ್ಟು ಹೊತ್ತಾತು?"

"ಈಗ. ಈಗ ಹಾಡ್ತಿದ್ಲು ಅಜ್ಜಿ. ಬುಡು ನನ್ನ, ಇಳೀತೀನಿ."

"ಸುಮ್ಕಿರು. ದೀಪ ತಾ."

ಗೂಡಿನ ಬುಡ್ಡಿಗೆ ಹಗ್ಗ ಬಿಗಿದು ಅಜ್ಜಿ ಇಳಿಬಿಟ್ಟಳು. ಮೊಳದಷ್ಟು ಆಳಕ್ಕೆ ಜ್ವಾಲೆ ಕುಗ್ಗಿತು. ಇನ್ನೊಂದು ಮೊಳ ಇಳಿಯುವಷ್ಟರಲ್ಲಿ ಚಿಟ್ಟೆನ್ನದೆ ಆರಿತು. ಮುದುಕಿ ಆ ಆರಿದ ದೀಪವನ್ನು ಮೇಲೆಳೆದು ಪಕ್ಕಕ್ಕಿಟ್ಟಳು. ಕದುರಮ್ಮ ಆ ಮುಖ ನೋಡಿದಳು. ಅವಳು ಇಡೀ ಜೀವಮಾನದಲ್ಲಿ ಅಜ್ಜಿ ಹೆದರಿದ್ದನ್ನು ನೋಡಿರಲಿಲ್ಲ.

"ಪಾತಾಳಗರಡಿ" ಎಂದಳು ಅಜ್ಜಿ. "ಬೂಬಮ್ಮನ ಮನೇಲೈತೆ. ಓಡು."

ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು ಅದು, ಕಬ್ಬಿಣದ್ದು. ಊರ ಆ ಮಗ್ಗುಲಿಗೆಲ್ಲ ಒಂದೇ ಇತ್ತು, ಶಹರ್‌ಬಾನುವಿನ ಮನೆಯಲ್ಲಿ. ಕೊಂಡುಹೋದವರು ಮರಳಿ ಕೊಡುವುದಿಲ್ಲವೆಂದು ಆಕೆ ಒಂದು ಚೊಂಬೋ ತಂಬಿಗೆಯೋ ಒತ್ತೆಯಿಡದೆ ಅದನ್ನು ಯಾರಿಗೂ ಕೊಡುತ್ತಿರಲಿಲ್ಲ. ದೇವರು ಬಂದು ಕೇಳಿದರೂ ಚೊಂಬು ಇಟ್ಟೇ ಹೋಗಬೇಕು ಎಂದು ಊರಲ್ಲಿ ನಗುತ್ತಿದ್ದರು. ಕದುರಮ್ಮ ಹಿತ್ತಲ ಮೋಟುಗೋಡೆ ಹಾರಿ, "ಬೂಬಮ್ಮ, ಪಾತಾಳಗರಡಿ" ಎಂದು ಏದುಸಿರು ಬಿಟ್ಟಾಗಲೂ ಆಕೆ ಬಳೆ ಜೋಡಿಸುತ್ತಾ, ತಲೆಯೆತ್ತದೆ, "ಚೊಂಬೆಲ್ಲಿ ಬೇಟಿ?" ಎಂದಳು.

"ಓಬಿ" ಎಂದಳು ಕದುರಮ್ಮ. "ಹಗೇವಿನಾಗೆ ಓಬಿ."

ಬಳೆಗಳು ಝಲ್ಲೆಂದು ನೆಲಕ್ಕೆ ಬಿದ್ದವು. ಶಹರ್‌ಬಾನು ಗೂಟದಿಂದ ಗರಡಿಯನ್ನು ಹಗ್ಗದ ಸಮೇತ ಕಿತ್ತುಕೊಂಡು, ಹುಡುಗಿಗಿಂತ ಮುಂಚೆ ತಾನೇ ಗೋಡೆ ಹತ್ತಿದಳು. ಐವತ್ತು ದಾಟಿದ ದಪ್ಪ ಹೆಂಗಸು, ಹೇಗೆ ಹತ್ತಿದಳೋ ಅವಳ ಅಲ್ಲಾನಿಗೇ ಗೊತ್ತು.

ಬಂದು ನೋಡಿದರೆ ಅಜ್ಜಿ ಮಂಡಿಯೂರಿ ದೊಡ್ಡ ಮೊರದಿಂದ ಹಗೇವಿನ ಬಾಯಿಗೆ ಗಾಳಿ ಹೊಡೆಯುತ್ತಿದ್ದಾಳೆ, ಬೆವರು ಧಾರೆಯಾಗಿ ಇಳಿಯುತ್ತಿದೆ. ಶಹರ್‌ಬಾನು ಮೊರ ಕಿತ್ತುಕೊಂಡಳು. ಅಜ್ಜಿ ಗರಡಿ ಇಳಿಬಿಟ್ಟು ಅತ್ತಿತ್ತ ಆಡಿಸಿದಳು. ಒಳಗೆ ಕಗ್ಗತ್ತಲು. ಕೊಕ್ಕೆಗೆ ಏನೋ ಸಿಕ್ಕಿತು. ಮೂವರೂ ಉಸಿರು ಹಿಡಿದು ಎಳೆದರು. ಮೇಲೆ ಬಂದದ್ದು ಮಕ್ಕರಿ. ಅಂಚಿಗೆ ತಾಗಿ ಮಗುಚಿಕೊಂಡು, ಒಳಗಿದ್ದ ಹುಣಸೆಬೀಜಗಳೆಲ್ಲ ಮತ್ತೆ ಹಗೇವಿಗೇ ಸುರಿದವು.

"ಕಾಣ್ದೆ ಹೆಂಗೆ ಸಿಗಿಸೋದು? ಮುಖಕ್ಕೆ ಚುಚ್ಚಿದ್ರೆ?" ಎಂದಳು ಅಜ್ಜಿ. "ದೀಪ ನಿಲ್ಲಾಕಿಲ್ಲ ಅದರಾಗೆ."

ದೀಪ ನಿಲ್ಲುವುದಿಲ್ಲ. ಕದುರಮ್ಮ ಸುತ್ತ ನೋಡಿದಳು. ಕೋಣೆಯಲ್ಲಿದ್ದ ಬೆಳಕೆಲ್ಲ ಅವಳ ಕಡೆಯೇ ಇತ್ತು, ಗವಾಕ್ಷಿಯ ಆ ಬಿಸಿಲಿನ ತುಂಡು. ಗೋಡೆಯಿಂದ ಕನ್ನಡಿಯನ್ನು ಮೊಳೆಸಮೇತ ಕಿತ್ತಳು. ಬಿಸಿಲಿಗೆ ಹಿಡಿದು ಓರೆ ಮಾಡಿದಳು. ಬೆಳಕಿನ ಬಿಲ್ಲೆಯೊಂದು ಗೋಡೆಯ ಮೇಲೆ ಓಡಿ, ಲಕ್ಷ್ಮಿಯ ಪಟ ದಾಟಿ, ಮಾಳಿಗೆಗೆ ಹಾರಿ, ಕೊನೆಗೆ ಹಗೇವಿನ ಬಾಯಿಗೆ ಬಂದು ಬಿತ್ತು.

"ಹಿಡಕೋ ಅಜ್ಜಿ. ಹಿಂಗೇ ಹಿಡಕೋ."

ಮುದುಕಿ ಬಿಸಿಲಲ್ಲಿ ಕೂತು ಕನ್ನಡಿ ಹಿಡಿದಳು. ಅವಳ ಕೈ ನಡುಗಿದ ಹಾಗೆಲ್ಲ ಬೆಳಕು ನಡುಗಿತು. ಮಂಡಿಯ ಮೇಲೆ ಮೊಣಕೈ ಊರಿ, ಹಲ್ಲು ಕಚ್ಚಿ ನಿಲ್ಲಿಸಿಕೊಂಡಳು. ಕದುರಮ್ಮ ಗೆರೆಯ ಆಚೆ ಬೋರಲು ಮಲಗಿ ಒಳಗೆ ನೋಡಿದಳು. ತಳದ ಬೂದಿಯ ಮೇಲೆ ಓಬಿ ಒಂದು ಮಗ್ಗುಲಾಗಿ ಬಿದ್ದಿದ್ದಳು, ನಿದ್ದೆ ಹೋದವಳ ಹಾಗೆ. ಮರದ ಬೊಂಬೆಯನ್ನು ಒಳಗೋಡೆಯ ಗುಳಿಯೊಂದರಲ್ಲಿ ನಿಲ್ಲಿಸಿದ್ದಳು. ಗೂಡಿಲ್ಲ ಎಂದವಳಿಗೆ ಅಲ್ಲಿ ಗೂಡು ಸಿಕ್ಕಿತ್ತು.

ಕದುರಮ್ಮ ಅದನ್ನು ಕಂಡಳು. ಆದರೆ ಅಳುವ ಹೊತ್ತಲ್ಲ. ಉಸಿರು ಬಿಗಿಹಿಡಿದು ಗರಡಿ ಇಳಿಸಿದಳು. ಕೊಕ್ಕೆ ಲಂಗದ ಅಂಚಿಗೆ ಸಿಕ್ಕಿತು, ಎಳೆದರೆ ಹಳೇ ಬಟ್ಟೆ ಪರ್ರನೆ ಹರಿಯಿತು. ಬಿಡಿಸಿದಳು. ಮತ್ತೆ ಇಳಿಸಿದಳು. ಬೆಳಕು ಒಂದು ಕ್ಷಣ ತಪ್ಪಿತು, ಮತ್ತೆ ಬಂತು. ಹಿಂದೆ ಶಹರ್‌ಬಾನು ಮೊರ ಬೀಸುತ್ತಾ ಏನೋ ಪ್ರಾರ್ಥನೆ ಗೊಣಗುತ್ತಿದ್ದಳು. ಓಬಿಯ ಸೊಂಟದಲ್ಲಿ ಅವ್ವ ಬಿಗಿದಿದ್ದ ಕತ್ತಾಳೆ ಹುರಿ ಕಂಡಿತು. ಕೊಕ್ಕೆಯನ್ನು ಬೆನ್ನ ಕಡೆಯಿಂದ ಅದರ ಅಡಿಗೆ ಜಾರಿಸಿ, ತಿರುಚಿ, ಒಂದು ಸಲ ಮೆಲ್ಲಗೆ ಎಳೆದು ನೋಡಿದಳು. ಹಿಡಿಯಿತು.

"ಬೂಬಮ್ಮ, ಹಗ್ಗ."

ಶಹರ್‌ಬಾನು ಮೊರ ಎಸೆದು ಹಗ್ಗಕ್ಕೆ ಬಂದಳು. ಅಜ್ಜಿಯೂ ಬಂದಳು, ಕನ್ನಡಿ ಯಾರದೋ ಕಾಲಡಿ ಸಿಕ್ಕಿ ಚಟ್ಟೆಂದಿತು. ಎಳೆದರು. ಭಾರ ಗೋಡೆಗೆ ತಾಗಿ ತಿರುಗಿತು, ಒಮ್ಮೆ ಜಾರಿತು, ನಿಂತಿತು. ಹಗೇವಿನ ಬಾಯಿಗೆ ಒಂದು ಕೈ ಕಂಡಿದ್ದೇ ಕದುರಮ್ಮ ಮುಂದಕ್ಕೆ ಬಿದ್ದು ಅದನ್ನು ಹಿಡಿದಳು. ತಣ್ಣಗಿತ್ತು.

ಅಂಗಳಕ್ಕೆ ಹೊತ್ತು ತಂದು ಮಲಗಿಸಿದರು. ಓಬಿಯ ತುಟಿ ನೇರಳೆಹಣ್ಣು ತಿಂದ ಬಣ್ಣವಾಗಿತ್ತು, ಎದೆ ಆಡುತ್ತಿರಲಿಲ್ಲ. ಅಜ್ಜಿ ಅವಳನ್ನು ಮಗುಚಿ ಬೆನ್ನಿಗೆ ಬಡಿದಳು, ಮತ್ತೆ ತಿರುಗಿಸಿ ಬಾಯಿಗೆ ಬಾಯಿಟ್ಟು ಊದಿದಳು. ಶಹರ್‌ಬಾನು ಅಂಗಾಲು ಉಜ್ಜಿದಳು, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಳು. ಕೆರೆಯಿಂದ ಬರುತ್ತಿದ್ದ ಸರಸಮ್ಮ ಬಾಗಿಲಲ್ಲೇ ಬಟ್ಟೆಗಂಟು ಕೆಡವಿ, ಓಡಿ ಬಂದು ಮಗಳ ಪಕ್ಕ ಕೂತಳು. ಕದುರಮ್ಮ ಮಾತ್ರ ತಂಗಿಯ ತಲೆ ತೊಡೆಯ ಮೇಲಿಟ್ಟುಕೊಂಡು, ಆ ಬಾಯನ್ನೇ ನೋಡುತ್ತಿದ್ದಳು. ಸದ್ಯ ಮುಚ್ಚಿತಲ್ಲ ಎಂದು ತಾನು ಆಗ ಅಂದುಕೊಂಡಿದ್ದ ಬಾಯಿ. ಈಗ ಅದು ಒಂದು ಸಲ ತೆರೆದರೆ ಸಾಕು, ಕೋಣೆ ಬೇಡ, ಪುಸ್ತಕ ಬೇಡ, ತಾನು ಜೀವಮಾನವಿಡೀ ದನದ ಕೊಟ್ಟಿಗೆಯಲ್ಲಿ ಮಲಗುತ್ತೇನೆ ಎಂದು ಮದಲೂರಿನಲ್ಲಿದ್ದ ದೇವರಿಗೆಲ್ಲ ಹರಕೆ ಹೊತ್ತಳು.

ಅಜ್ಜಿ ಊದುತ್ತಲೇ ಇದ್ದಳು. ಸಾಕು ಬುಡು ಎಂದು ಯಾರೂ ಹೇಳಲಿಲ್ಲ, ಹೇಳಿದ್ದರೂ ಆಕೆ ಬಿಡುತ್ತಿರಲಿಲ್ಲ. ಕೊನೆಗೆ ಓಬಿಯ ಗಂಟಲಲ್ಲಿ ಏನೋ ಕಟಕಟ ಅಂದಿತು. ಕೆಮ್ಮಿದಳು. ಬೂದಿ ಬೂದಿ ನೀರು ಕಾರಿಕೊಂಡಳು. ಮತ್ತೆ ಕೆಮ್ಮಿ, ಉಸಿರನ್ನು ಗೊರಗೊರ ಎಳೆದುಕೊಂಡಳು. ಶಹರ್‌ಬಾನು ಎರಡೂ ಕೈ ಮುಖಕ್ಕೆ ಒತ್ತಿಕೊಂಡು ಅಲ್ಲೇ ಕೂತುಬಿಟ್ಟಳು. ಅಜ್ಜಿ ಸೆರಗಿನಿಂದ ತನ್ನ ಬಾಯಿ ಒರೆಸಿಕೊಂಡಳು, ಆಮೇಲೆ ಮೊಮ್ಮಗಳ ಬಾಯಿ ಒರೆಸಿದಳು.

ಓಬಿ ಕಣ್ಣು ಬಿಟ್ಟು ಮೊದಲು ಕಂಡದ್ದು ತನ್ನ ಮೇಲೆ ಬಗ್ಗಿದ್ದ ಅಕ್ಕನ ಮುಖ. ಕಂಡದ್ದೇ ಆ ಮಗುವಿನ ಮೈ ಮುದುಡಿತು. ಎರಡೂ ಕೈಗಳನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಎಳೆದುಕೊಂಡಳು.

"ನಿನ್ ದೀಪ ಮುಟ್ಟಿಲ್ಲ ಕಣಕ್ಕ" ಎಂದಳು. ದನಿ ಕೇಳಿಸುವ ಹಾಗೂ ಇರಲಿಲ್ಲ. "ದೇವರಾಣೆ ಮುಟ್ಟಿಲ್ಲ."

ಕದುರಮ್ಮ ತಂಗಿಯ ಆ ಎರಡು ಕೈಗಳನ್ನು ಬೆನ್ನ ಹಿಂದಿನಿಂದ ಎಳೆದುಕೊಳ್ಳಲು ನೋಡಿದಳು. ಓಬಿ ಬಿಗಿಯಾಗಿ ಹಿಡಿದುಕೊಂಡಿದ್ದಳು, ಕೊಡಲಿಲ್ಲ. ಬೀದಿಯ ತಿರುವಿನಲ್ಲಿ ಅಪ್ಪನ ಎತ್ತುಗಳ ಗೆಜ್ಜೆ ಕೇಳಿಸಿತು, ಗಾಡಿ ಬಂದು ಬಾಗಿಲ ಮುಂದೆ ನಿಂತಿತು, ಕೊರಟಗೆರೆಯ ಅತ್ತೆ ಯಾರನ್ನೋ ಕರೆದಳು. ಕದುರಮ್ಮ ಏಳಲಿಲ್ಲ. ಆ ಕೈಗಳು ಬಿಟ್ಟುಕೊಡುವ ತನಕ ಅವಳು ಅಲ್ಲೇ ಕೂತಿದ್ದಳು.